ಸೊಟ್ಟಗೆ ಕೂತ ಸ್ಟಿಯರಿಂಗ್

ಸೈಕಲ್ಲಿನಿಂದ ಒಮ್ಮೆಯಾದರೂ ಬಿದ್ದವರಿಗೆ ಈ ವಾರದ ವಿಷಯ ಅರ್ಧ ಗೊತ್ತೇ ಇದೆ. ಎದ್ದು ಮಂಡಿಯ ಮಣ್ಣು ಕೊಡವಿಕೊಂಡು ನೋಡಿದರೆ ಮುಂದಿನ ಗಾಲಿ ನೇರವಾಗಿರುತ್ತದೆ, ಹ್ಯಾಂಡಲ್ ಮಾತ್ರ ಸೊಟ್ಟ. ಗಾಲಿಯನ್ನು ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಹ್ಯಾಂಡಲನ್ನು ತಿರುಚಿ ಸರಿಮಾಡಿ, ಮನೆಯಲ್ಲಿ ಯಾರಿಗೂ ಹೇಳದೆ ಒಳಗೆ ಹೋಗುತ್ತೇವೆ. ಹ್ಯಾಂಡಲಿನ ಕಾಂಡ ಫೋರ್ಕಿನ ಕೊಳವೆಯೊಳಗೆ ಬರೀ ಘರ್ಷಣೆಯಿಂದ ನಿಂತಿರುತ್ತದೆ. ಅದಕ್ಕೇ ಅದು ತಿರುಚಿಕೊಳ್ಳುತ್ತದೆ, ಅದಕ್ಕೇ ಅದನ್ನು ಸರಿಮಾಡಲೂ ಆಗುತ್ತದೆ.

ಕಾರಿನಲ್ಲಿ ಹೀಗಾಗುವಂತಿಲ್ಲ. ಅಲ್ಲಿ ಘರ್ಷಣೆಯನ್ನು ನಂಬುವುದಿಲ್ಲ, ಹಲ್ಲುಗಳನ್ನು ನಂಬುತ್ತಾರೆ. ಹಾಗಿದ್ದೂ ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ವಕೀಲರ ಅಂಬಾಸಿಡರ್ ಕಾರಿನ ಸ್ಟಿಯರಿಂಗ್ ಸೊಟ್ಟಗೆ ಕೂತಿತ್ತು.

ಕಾರು 1980ರ ದಶಕದ್ದು. ವಕೀಲರು ಅದನ್ನು ಹಳೆಯ ಮಾಲೀಕರಿಂದ ಕೊಂಡು ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಮಗ ದ್ವಿತೀಯ ಪಿಯುಸಿ ಮುಗಿಸಿ ಫಲಿತಾಂಶಕ್ಕೆ ಕಾಯುತ್ತಿದ್ದ ಹುಡುಗ, ನನ್ನ ಹಳೆಯ ವಿದ್ಯಾರ್ಥಿ. ಡ್ಯಾಶ್‌ಬೋರ್ಡಿಗೂ ಸ್ಟಿಯರಿಂಗ್ ಕಂಬಕ್ಕೂ ಬಣ್ಣ ಹೊಡೆಯಬೇಕೆಂದು ಅಪ್ಪನ ಒಪ್ಪಿಗೆ ಪಡೆದು ಕಂಬವನ್ನೆಲ್ಲ ಬಿಚ್ಚಿದ. ಬಣ್ಣ ಚೆನ್ನಾಗಿಯೇ ಬಂತು. ತಿರುಗಿ ಜೋಡಿಸಿದ. ಮರುದಿನ ವಕೀಲರು ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಂದಾಗ ಗಾಲಿಗಳು ನೇರವಾಗಿವೆ, ಸ್ಟಿಯರಿಂಗ್ ಚಕ್ರ ಎಡಕ್ಕೆ ವಾಲಿದೆ. ಹಾರ್ನ್ ಒತ್ತಿದರೆ ಒಮ್ಮೆ ಕೂಗುತ್ತದೆ, ಒಮ್ಮೆ ಇಲ್ಲ. ಇಂಡಿಕೇಟರ್ ಹಾಕಿ ತಿರುಗಿಸಿದರೆ ತಾನಾಗಿ ಆರುವುದಿಲ್ಲ. ಆ ಭಾನುವಾರ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅಲ್ಲಿ ಒಂದರ ಹಿಂದೊಂದು ಹೇರ್‌ಪಿನ್ ತಿರುವುಗಳು.

ಸಂಜೆ ವಕೀಲರು ನಮ್ಮ ಮನೆಗೆ ಬಂದರು. "ಅಲೈನ್‌ಮೆಂಟಿನವನಿಗೆ ಒಂದು ಸಲ, ಎಲೆಕ್ಟ್ರಿಷಿಯನ್‌ಗೆ ಒಂದು ಸಲ ತೋರಿಸಿಬಿಡುತ್ತೇನೆ. ಇವನ ಕೈಗೆ ಕೊಟ್ಟದ್ದೇ ನನ್ನ ತಪ್ಪು" ಅಂದರು. ಹುಡುಗ ಗೇಟಿನ ಹೊರಗೇ ನಿಂತಿದ್ದ. ನಾನು ಮೆಕ್ಯಾನಿಕ್ ಅಲ್ಲ, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಆದರೆ ಮೂರು ತೊಂದರೆಗಳು ಒಂದೇ ದಿನ, ಒಂದೇ ಕಂಬದಲ್ಲಿ, ಬಿಚ್ಚಿ ಜೋಡಿಸಿದ ಮೇಲೆಯೇ ಬಂದಿವೆ ಎಂದರೆ ಮೂರು ಕಾರಣ ಹುಡುಕುವ ಮೊದಲು ಒಂದು ಕಾರಣ ಹುಡುಕುವುದು ನ್ಯಾಯ ಎನಿಸಿತು. ನಾಳೆ ಬೆಳಿಗ್ಗೆಯವರೆಗೆ ಕಾರನ್ನು ರಸ್ತೆಗೆ ತರಬೇಡಿ ಎಂದೆ.

ಮೊದಲು ಈ ಕಂಬದಲ್ಲಿ ಏನೇನಿದೆ ನೋಡೋಣ. ಮೇಲೆ ಸ್ಟಿಯರಿಂಗ್ ಚಕ್ರ. ಅದರ ನಡುವಿನ ತೂತಿನ ಒಳಗೋಡೆಗೆ ಸುತ್ತಲೂ ಸಣ್ಣ ಹಲ್ಲುಗಳಿವೆ, ಅವು ಕಂಬದೊಳಗಿನ ಉಕ್ಕಿನ ದಂಡದ ತುದಿಯ ಹಲ್ಲುಗಳಿಗೆ ಕಚ್ಚಿ ಕೂರುತ್ತವೆ. ಮೇಲೊಂದು ದೊಡ್ಡ ನಟ್ಟು. ದಂಡದ ಕೆಳತುದಿ ಹೀಗೆಯೇ ಹಲ್ಲುಗಳ ಮೂಲಕ ಪಿನಿಯನ್ ಎಂಬ ಪುಟ್ಟ ಗೇರಿನ ದಂಡಕ್ಕೆ ಕೂಡುತ್ತದೆ. ಪಿನಿಯನ್ ತಿರುಗಿದರೆ ಹಲ್ಲಿರುವ ಒಂದು ಉದ್ದನೆಯ ಸರಳು, ಅಂದರೆ ರ‍್ಯಾಕ್, ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಗಳಲ್ಲಿರುವ ಟೈರಾಡುಗಳು ಮುಂದಿನ ಗಾಲಿಗಳನ್ನು ತಿರುಗಿಸುತ್ತವೆ. ಅಂಬಾಸಿಡರಿನ ಸ್ಟಿಯರಿಂಗ್ ಈ ಜಾತಿಯದು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರೇ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ಆಯಿತು ಎಂಬುದು ನಿಮಗೆ ಗೊತ್ತಿರಬಹುದು. 2014ರಲ್ಲಿ ಅಲ್ಲಿನ ಉತ್ಪಾದನೆ ನಿಂತಿತು. ನೋಡಲು ಎಮ್ಮೆಯಂತಿದ್ದರೂ ಸ್ಟಿಯರಿಂಗಿನ ಮಟ್ಟಿಗೆ ಅದು ತನ್ನ ಕಾಲಕ್ಕೆ ಹಿಂದುಳಿದ ಕಾರಲ್ಲ. ಇಂದಿನ ಸಣ್ಣ ಕಾರುಗಳಲ್ಲೂ ಇರುವುದು ಇದೇ ರ‍್ಯಾಕ್ ಮತ್ತು ಪಿನಿಯನ್.

ಬೆಳಿಗ್ಗೆ ಕಾರನ್ನು ಚಾಲೂ ಮಾಡಲಿಲ್ಲ. ನಾಲ್ಕು ಜನ ಸೇರಿ ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಅದರ ಗುಂಟ ನೂಕಿದೆವು. ಕಾರು ನೇರ ಹೋಗುತ್ತಿರುವಾಗ ಚಕ್ರ ಎಲ್ಲಿ ನಿಲ್ಲುತ್ತದೆ ಎಂದು ನೋಡಿ, ರಿಮ್ಮಿನ ಮೇಲುಗಡೆ ಒಂದು ಬಿಳಿ ಟೇಪು ಅಂಟಿಸಿದೆವು. ಹುಡುಗ ತನ್ನ ಜಾಮಿಟ್ರಿ ಬಾಕ್ಸಿನ ಕೋನಮಾಪಕದಿಂದ ವಾಲಿಕೆಯನ್ನು ಅಳೆದ. ಹೆಚ್ಚು ಕಡಿಮೆ 20 ಡಿಗ್ರಿ.

ಈ ಸಂಖ್ಯೆ ಮುಖ್ಯ. ದಂಡದ ಸುತ್ತ 36 ಹಲ್ಲುಗಳಿವೆ ಎಂದುಕೊಳ್ಳಿ. 360 ಡಿಗ್ರಿಯನ್ನು 36ರಿಂದ ಭಾಗಿಸಿದರೆ ಒಂದು ಹಲ್ಲಿಗೆ 10 ಡಿಗ್ರಿ. 40 ಸೆಂಟಿಮೀಟರ್ ವ್ಯಾಸದ ಚಕ್ರದ ಅಂಚಿನಲ್ಲಿ ಇದು ಮೂರೂವರೆ ಸೆಂಟಿಮೀಟರು, ಕಣ್ಣಿಗೆ ಹೊಡೆಯುವಷ್ಟು. ಹಲ್ಲು ತಪ್ಪಿ ಕೂತರೆ ವಾಲಿಕೆ 10, 20, 30 ಹೀಗೆ ಮೆಟ್ಟಿಲು ಮೆಟ್ಟಿಲಾಗಿಯೇ ಇರಬೇಕು, ನಡುವೆ ಇರಲಾರದು. ಹಲ್ಲುಗಳು ಎಷ್ಟಿದ್ದರೂ ಲೆಕ್ಕ ಇದೇ. ಮೂರೋ ನಾಲ್ಕೋ ಡಿಗ್ರಿ ಮಾತ್ರ ವಾಲಿದ್ದರೆ ಹಲ್ಲನ್ನು ಬಿಟ್ಟು ಟೈರಾಡನ್ನು ಸಂಶಯಿಸಬೇಕು, ಏಕೆಂದರೆ ಅದರ ತಿರುಪು ಎಷ್ಟು ಸಣ್ಣ ಅಳತೆಗೂ ಹೊಂದುತ್ತದೆ.

ಮೇಲೆ ಒಂದು ಸಂಖ್ಯೆಯ ಹಲ್ಲು, ಕೆಳಗೆ ಬೇರೆ ಸಂಖ್ಯೆಯ ಹಲ್ಲು ಇದ್ದರೆ ಏನಾಗುತ್ತದೆ ಎಂದು ಪಿಯುಸಿ ಓದುವವರು ಯೋಚಿಸಿ. ಮೇಲೆ 36, ಕೆಳಗೆ 40 ಇದ್ದರೆ, ಮೇಲೆ ಒಂದು ಹಲ್ಲು ಮುಂದೆ, ಕೆಳಗೆ ಒಂದು ಹಲ್ಲು ಹಿಂದೆ ಕೂರಿಸಿ 10ರಲ್ಲಿ 9 ಕಳೆದು ಒಂದೇ ಡಿಗ್ರಿ ತಿದ್ದಬಹುದು. ನಿಮ್ಮ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್ ಮಾಡುವುದು ಇದನ್ನೇ.

ಮುಂದಿನದು ಟೈರಾಡಿನ ವಿಚಾರಣೆ. ಮುಂಭಾಗವನ್ನು ಜ್ಯಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆವು. (ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿ ಯಾರೂ ಕೈಯನ್ನೂ ಹಾಕಬಾರದು, ತಲೆಯ ಮಾತಂತೂ ಬೇಡ.) ಗಾಲಿ ನೇರವಿದ್ದ ಸ್ಥಾನದಿಂದ ಬಲಕ್ಕೆ ಪೂರ್ತಿ ತಿರುಗಿಸಿ ಟೇಪು ಎಷ್ಟು ಸುತ್ತು ಬಂತೆಂದು ಎಣಿಸಿದೆವು, ಮತ್ತೆ ನೇರಕ್ಕೆ ತಂದು ಎಡಕ್ಕೆ ಎಣಿಸಿದೆವು. ಎರಡೂ ಸಮ. ಅಂದರೆ ಗಾಲಿಗಳು ನೇರವಿದ್ದಾಗ ರ‍್ಯಾಕ್ ಸರಿಯಾಗಿ ನಡುವೆಯೇ ಇದೆ. ರ‍್ಯಾಕಿನಿಂದ ಗಾಲಿಯವರೆಗೆ ಎಲ್ಲವೂ ನಿರಪರಾಧಿ. ತಪ್ಪು ಇರುವುದು ರ‍್ಯಾಕಿಗೂ ಚಾಲಕನ ಕೈಗೂ ನಡುವೆ.

ಇಲ್ಲೇ ಅನೇಕರು ಎಡವುವುದು. ಚಕ್ರ ಸೊಟ್ಟವಿದೆಯೆಂದು ಅಲೈನ್‌ಮೆಂಟಿಗೆ ಒಯ್ದರೆ, ಒಂದು ಕಡೆಯ ಟೈರಾಡನ್ನು ಗಿಡ್ಡ ಮಾಡಿ ಇನ್ನೊಂದನ್ನು ಉದ್ದ ಮಾಡಿ ಚಕ್ರವನ್ನು ನೇರ ಕಾಣುವಂತೆ ಮಾಡಿಕೊಡಬಹುದು. ನೋಡಲು ಚೆಂದ. ಆದರೆ ರ‍್ಯಾಕ್ ನಡುವಿನಿಂದ ಸರಿದುಬಿಟ್ಟಿರುತ್ತದೆ, ಕಾರು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ತಿರುಗುತ್ತದೆ. ಘಾಟಿಯ ಎಡ ತಿರುವಿನಲ್ಲಿ ಸಲೀಸಾದ ಕಾರು ಬಲ ತಿರುವಿನಲ್ಲಿ ಎದುರಿನ ಬಸ್ಸಿನ ಮುಂದೆ ಅಡ್ಡ ನಿಲ್ಲುತ್ತದೆ.

ಇನ್ನು ಉಳಿದದ್ದು ಎರಡು ಜಾಗ, ಮೇಲಿನ ಹಲ್ಲು ಅಥವಾ ಕೆಳಗಿನ ಹಲ್ಲು. ಮೇಲಿನದನ್ನು ಬಿಚ್ಚಿ ಎರಡು ಹಲ್ಲು ತಿರುಗಿಸಿ ಕೂರಿಸಿದರೆ ಹತ್ತು ನಿಮಿಷದ ಕೆಲಸ, ಚಕ್ರ ನೇರವಾಗುತ್ತಿತ್ತು. ವಕೀಲರೂ ಅದನ್ನೇ ಅಂದರು. ಹಾಗೆ ಮಾಡಿಬಿಟ್ಟಿದ್ದರೆ ನಾನು ಈ ಲೇಖನವನ್ನು ಇಷ್ಟು ಸಮಾಧಾನದಿಂದ ಬರೆಯುತ್ತಿರಲಿಲ್ಲ.

ತಡೆದದ್ದು ಹಾರ್ನ್. ಹಳೆಯ ಕಾರುಗಳ ಹಾರ್ನಿನ ಸರ್ಕ್ಯೂಟು ಸರಳ. ಬ್ಯಾಟರಿಯ ಒಂದು ತುದಿಯಿಂದ ಹೊರಟ ವಿದ್ಯುತ್ತು ಹಾರ್ನಿನ ಮೂಲಕ ಹಾದು ಸ್ಟಿಯರಿಂಗ್ ಗುಂಡಿಯವರೆಗೆ ಬಂದು ಕಾದು ಕೂತಿರುತ್ತದೆ. ಗುಂಡಿ ಒತ್ತಿದರೆ ಅದು ಕಾರಿನ ಲೋಹದ ಮೈಗೆ ತಾಗಿ ಸರ್ಕ್ಯೂಟು ಪೂರ್ತಿಯಾಗುತ್ತದೆ. ಆದ್ದರಿಂದ ಜೋಡಿಸುವಾಗ ತಂತಿಯ ಮೇಲಿನ ಹೊದಿಕೆ ಸುಲಿದು ಕಂಬಕ್ಕೆ ತಾಗಿದರೆ ಯಾರೂ ಒತ್ತದೆ ಹಾರ್ನ್ ಅರಚುತ್ತದೆ. ತಿರುವಿನಲ್ಲಿ ಮಾತ್ರ ಅರಚಿದರೆ ತಂತಿ ಆ ಕೋನದಲ್ಲಿ ಉಜ್ಜುತ್ತಿದೆ ಎಂದರ್ಥ. ಒತ್ತಿದರೂ ಕೂಗದಿದ್ದರೆ, ಸಂಪರ್ಕದ ಜಾಗದಲ್ಲಿ ಹೊಸ ಬಣ್ಣ ಕೂತು ವಿದ್ಯುತ್ತನ್ನು ತಡೆದಿರಬಹುದು. ಬಣ್ಣ ಒಳ್ಳೆಯ ಅವಾಹಕ, ಇದು ಬಣ್ಣ ಹೊಡೆದವರಿಗೆ ನೆನಪಿರುವುದಿಲ್ಲ. ಹುಡುಗನಿಗೆ ನೆನಪಿತ್ತು. ಅವನು ಸಂಪರ್ಕದ ಜಾಗವನ್ನೆಲ್ಲ ಉಪ್ಪು ಕಾಗದದಿಂದ ಉಜ್ಜಿಯೇ ಜೋಡಿಸಿದ್ದ.

ಹಾಗಾದರೆ ಒಮ್ಮೆ ಕೂಗಿ ಒಮ್ಮೆ ಸುಮ್ಮನಿರುವುದೇಕೆ? ಹಾರ್ನ್ ಒತ್ತುವಾಗ ಇಡೀ ಚಕ್ರವನ್ನು ಅಂಗೈಯಿಂದ ಕೆಳಕ್ಕೆ ಅದುಮಿ ನೋಡಿ ಎಂದೆ. ವಕೀಲರು ಅದುಮಿದರು. ಕೂಗಿತು. ಬಿಟ್ಟರು, ಮೌನ. ಮತ್ತೆ ಅದುಮಿದರು, ಕೂಗಿತು. ತಿರುಗುವ ಚಕ್ರದ ಕೆಳಗಿನ ಹಿತ್ತಾಳೆಯ ಉಂಗುರಕ್ಕೂ ಕಂಬದಲ್ಲಿರುವ ಸ್ಪ್ರಿಂಗಿನ ಸಂಪರ್ಕಕ್ಕೂ ನಡುವೆ ಅಂತರ ಬಿದ್ದಿತ್ತು. ಇಂಡಿಕೇಟರೂ ಅಷ್ಟೆ. ಹಿಂದಿನ ಮಾಲೀಕರು ಯಾವಾಗಲೋ ಕಂಬದ ಮಗ್ಗುಲಿಗೆ ಕೂರುವ ಬೇರೆ ಸ್ವಿಚ್ಚು ಹಾಕಿಸಿದ್ದರು. ದಂಡದ ಮೇಲಿನ ಒಂದು ಉಬ್ಬು ತಿರುಗುತ್ತ ಬಂದು ಸ್ವಿಚ್ಚಿನ ನಾಲಗೆಯನ್ನು ತಟ್ಟಿದರೆ ಅದು ಆರಬೇಕು. ಉಬ್ಬು ಬರೀ ಕೋನ ತಪ್ಪಿದ್ದರೆ ಒಂದು ಕಡೆ ಬೇಗ, ಇನ್ನೊಂದು ಕಡೆ ತಡವಾಗಿ ತಟ್ಟುತ್ತಿತ್ತು. ಇಲ್ಲಿ ಅದು ನಾಲಗೆಗೆ ತಾಗುತ್ತಲೇ ಇಲ್ಲ. ಮೇಲಿನಿಂದ ಹಾದುಹೋಗುತ್ತಿದೆ.

ಹುಡುಗ ಸ್ಕೇಲು ತಂದು ಚಕ್ರದ ಬುಡಕ್ಕೂ ಕಂಬದ ಹೊದಿಕೆಗೂ ನಡುವಿನ ಸಂದನ್ನು ಅಳೆದ. ಮೊದಲು ಅಲ್ಲಿ ಬೆರಳು ತೂರುತ್ತಿರಲಿಲ್ಲ ಎಂದು ಅವನಿಗೆ ಆಗಲೇ ನೆನಪಾದದ್ದು. ಕಾರು ಕೊಂಡ ದಿನ ಅವನ ಅಕ್ಕ ತೆಗೆದ ಒಂದು ಫೋಟೋ ಫೋನಿನಲ್ಲಿತ್ತು, ಅದರಲ್ಲಿ ಸಂದು ಗೆರೆಯಷ್ಟೇ ಕಾಣುತ್ತಿತ್ತು. ಈಗ 8 ಮಿಲಿಮೀಟರ್ ಹೆಚ್ಚು. ನಾನು ಚಕ್ರವನ್ನು ಎರಡೂ ಕೈಯಿಂದ ಹಿಡಿದು ನನ್ನ ಕಡೆಗೆ ಎಳೆದೆ. ಟಕ್ ಎಂದು ಸ್ವಲ್ಪ ಮೇಲೆ ಬಂತು.

ವಕೀಲರ ಮುಖ ನೋಡುವಂತಿತ್ತು. ಕೋರ್ಟಿನಲ್ಲಿ ಅವರನ್ನು ಹಾಗೆ ಯಾರೂ ನೋಡಿರಲಾರರು. ಚಕ್ರ ಹಾಗೇ ಇನ್ನಷ್ಟು ಮೇಲೆ ಬಂದು ಹಲ್ಲುಗಳು ಬಿಟ್ಟುಕೊಂಡಿದ್ದರೆ, ಚಲಿಸುವ ಕಾರಿನಲ್ಲಿ ಸ್ಟಿಯರಿಂಗ್ ಚಾಲಕನ ಕೈಯಲ್ಲಿರುತ್ತಿತ್ತು, ಗಾಲಿಗಳು ತಮ್ಮ ಪಾಡಿಗೆ.

ಬಾನೆಟ್ಟು ಎತ್ತಿ ಟಾರ್ಚು ಹಿಡಿದು ಕೆಳಗಿನ ಕೂಡುಗಂಟನ್ನು ನೋಡಿದೆವು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಹುಡುಗ ಮೋಸಹೋದದ್ದು ಅಜಾಗರೂಕತೆಯಿಂದಲ್ಲ. ದಂಡದ ಕೆಳತುದಿಯಲ್ಲಿ ಸೀಳಿರುವ ಒಂದು ಕೊಳವೆಯಿದೆ, ಒಳಗೆ ಹಲ್ಲುಗಳು. ಪಿನಿಯನ್ನಿನ ದಂಡ ಅದರೊಳಗೆ ತೂರಬೇಕು. ಕೊಳವೆಯನ್ನು ಅಡ್ಡವಾಗಿ ಹಾದು ಒಂದು ಬೋಲ್ಟು ಸೀಳನ್ನು ಬಿಗಿಯುತ್ತದೆ. ಬರೀ ಬಿಗಿತವನ್ನು ನಂಬಬಾರದೆಂದು ಪಿನಿಯನ್ ದಂಡದಲ್ಲಿ ಒಂದು ತೋಡು ಕೊರೆದಿರುತ್ತಾರೆ. ದಂಡ ಪೂರ್ತಿ ಒಳಗೆ ಹೋದಾಗ ಮಾತ್ರ ತೋಡು ಬೋಲ್ಟಿನ ದಾರಿಗೆ ಸರಿಯಾಗಿ ಬರುತ್ತದೆ. ಆಮೇಲೆ ಬಿಗಿತ ಸಡಿಲಾದರೂ ಬೋಲ್ಟು ತೋಡಿನಲ್ಲಿ ಅಗುಳಿಯಂತೆ ನಿಂತು ದಂಡ ಕಳಚದಂತೆ ತಡೆಯುತ್ತದೆ. ಅರ್ಧ ತೂರಿಸಿದರೆ ದಂಡ ಅಡ್ಡ ಬಂದು ಬೋಲ್ಟು ಹೋಗುವುದೇ ಇಲ್ಲ. ಎಂಥ ಒಳ್ಳೆಯ ಏರ್ಪಾಡು!

ಆದರೆ ಅದರಲ್ಲೊಂದು ಕಳ್ಳದಾರಿಯಿದೆ. ದಂಡವನ್ನು ಅರ್ಧಕ್ಕಿಂತಲೂ ಕಡಿಮೆ ತೂರಿಸಿ, ಅದರ ತುದಿ ಬೋಲ್ಟಿನ ತೂತನ್ನು ಮುಟ್ಟುವ ಮೊದಲೇ ನಿಲ್ಲಿಸಿದರೆ, ಬೋಲ್ಟು ಖಾಲಿ ಜಾಗದಲ್ಲಿ ಬೆಣ್ಣೆಯಂತೆ ಹಾದುಹೋಗುತ್ತದೆ. ತೋಡಿನಲ್ಲಿ ಕೂತರೂ ಸಲೀಸು, ಖಾಲಿಯಲ್ಲಿ ಕೂತರೂ ಸಲೀಸು. ಬೋಲ್ಟು ಕೈಯಿಂದಲೇ ಹೋಯಿತು, ಆದ್ದರಿಂದ ಸರಿಯಾಗಿದೆ ಎಂದು ಹುಡುಗ ತಿಳಿದಿದ್ದ. ಬಿಗಿದದ್ದೂ ಚೆನ್ನಾಗಿಯೇ. ಕೊಳವೆಯ ಬಾಯಿಯ ಕೆಲವೇ ಹಲ್ಲಿನುದ್ದ ಪಿನಿಯನ್ನನ್ನು ಕಚ್ಚಿಕೊಂಡು ಇಡೀ ಕಾರಿನ ದಿಕ್ಕನ್ನು ಹೊತ್ತಿತ್ತು. ಇದನ್ನು ಪರೀಕ್ಷಿಸುವ ಕ್ರಮವೆಂದರೆ, ಬೋಲ್ಟು ಹಾಕಿ, ಬಿಗಿಯುವ ಮೊದಲೇ ಚಕ್ರವನ್ನು ಬಲವಾಗಿ ಮೇಲಕ್ಕೆಳೆಯುವುದು. ತೋಡಿನಲ್ಲಿ ಕೂತಿದ್ದರೆ ಕಳಚಲಾರದು.

ಪೂರ್ತಿ ಏಕೆ ಇಳಿದಿರಲಿಲ್ಲ? ಕೊಳವೆಯ ಹಲ್ಲುಗಳ ಸಂದಿನಲ್ಲಿ ಅವನದೇ ಹೊಸ ಬಣ್ಣ ಒಣಗಿ ಕೂತಿತ್ತು, ಪಿನಿಯನ್ ಹಲ್ಲುಗಳ ಮೇಲೆ ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಇಂಥ ಹೊತ್ತಿನಲ್ಲಿ ಸ್ಟಿಯರಿಂಗ್ ಚಕ್ರದ ಮೇಲೆ ಸುತ್ತಿಗೆಯಿಂದ ಹೊಡೆದು ಇಳಿಸುವವರಿದ್ದಾರೆ. ಆ ಪೆಟ್ಟು ನೇರ ಪಿನಿಯನ್ನಿನ ಬೇರಿಂಗಿಗೆ ಬೀಳುತ್ತದೆ, ಮಾಡಬಾರದು. ನಾವು ಬ್ಯಾಟರಿಯ ತಂತಿ ಕಳಚಿ, ದಂಡವನ್ನು ಮೇಲೆ ಸರಿಸಿ, ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎರಡನ್ನೂ ತಿಕ್ಕಿ ತೊಳೆದೆವು. ಸೀಳಿನಲ್ಲಿ ಸ್ಕ್ರೂಡ್ರೈವರಿನ ತುದಿಯಿಟ್ಟು ಒಂದು ಕೂದಲಿನಷ್ಟು ಅಗಲಿಸಿದಾಗ ದಂಡ ತಾನಾಗಿ ಜಾರಿ ಕೂತಿತು. ಬೆಳಿಗ್ಗೆಯಿಂದ ಅವನು ನಕ್ಕದ್ದು ಆಗಲೇ.

ಬಿಚ್ಚುವಾಗ ಗುರುತು ಮಾಡಿಕೊಂಡಿರಲಿಲ್ಲ. ಎರಡು ಭಾಗಗಳ ಮೇಲೂ ಹಾದುಹೋಗುವ ಒಂದು ಪಂಚ್ ಗುರುತು ಹಾಕಿದ್ದರೆ ಮುಂದಿನ ಒಂದು ಗಂಟೆ ಉಳಿಯುತ್ತಿತ್ತು. ಈಗ ಕೆಳಗಿನಿಂದ ಮೇಲಕ್ಕೆ ಬರಬೇಕು. ಮೊದಲು ಗಾಲಿ ನೇರ ಮತ್ತು ರ‍್ಯಾಕ್ ನಡುವೆ, ಆಮೇಲೆ ಇಂಡಿಕೇಟರಿನ ಉಬ್ಬು ಎರಡೂ ನಾಲಗೆಗಳಿಗೆ ಸಮ ದೂರದಲ್ಲಿರುವಂತೆ ಕೆಳಗಿನ ಹಲ್ಲು, ಕೊನೆಗೆ ಚಕ್ರದ ಕಡ್ಡಿಗಳು ಮಟ್ಟವಾಗಿರುವಂತೆ ಮೇಲಿನ ಹಲ್ಲು. ಮೇಲಿನಿಂದ ಶುರುಮಾಡಿದರೆ ಪ್ರತಿ ಹೆಜ್ಜೆಯಲ್ಲೂ ಹಿಂದಿನದು ಕೆಡುತ್ತದೆ.

ಕಂಬವನ್ನು ಡ್ಯಾಶ್‌ಬೋರ್ಡಿನಡಿಯ ಬ್ರಾಕೆಟ್ಟಿಗೆ ಬಿಗಿಯುವಾಗ ನಾನು ಮಧ್ಯೆ ಬಾಯಿ ಹಾಕಿದೆ, ಏಕೆಂದರೆ ಇದರಲ್ಲಿ ನಾನೇ ಸುಟ್ಟುಕೊಂಡಿದ್ದೇನೆ. 1997ರಲ್ಲಿ ನಮ್ಮ ಮಾವನವರ ಪ್ರೀಮಿಯರ್ ಪದ್ಮಿನಿಯ ಕಂಬವನ್ನು ಬಿಚ್ಚಿ ಜೋಡಿಸಿದ ಮೇಲೆ ಸ್ಟಿಯರಿಂಗ್ ಕಲ್ಲಿನಂತಾಯಿತು. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಮುಂದಿನ ಗಾಲಿಗಳ ಕೋನವೇ ಕೆಟ್ಟಿದೆ ಎಂದರು. ಕಂಬ ಬಿಚ್ಚಿದರೆ ಗಾಲಿಯ ಕೋನ ಹೇಗೆ ಕೆಟ್ಟೀತು ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ. ಆಮೇಲೆ ಗೊತ್ತಾದದ್ದು ಇಷ್ಟು. ಕಂಬದ ಕೆಳಭಾಗ ಒಂದು ಕಡೆ ಬಿಗಿ, ಮೇಲ್ಭಾಗ ಇನ್ನೊಂದು ಕಡೆ ಬಿಗಿ. ಮೇಲಿನ ಬ್ರಾಕೆಟ್ಟನ್ನು ಮೊದಲೇ ಜಗ್ಗಿ ಬಿಗಿದದ್ದರಿಂದ ಉದ್ದನೆಯ ದಂಡ ಬಿಲ್ಲಿನಂತೆ ತುಸು ಬಾಗಿ ಬುಷ್ಷಿಗೆ ಒತ್ತಿಕೊಂಡಿತ್ತು. ಎಲ್ಲ ಬೋಲ್ಟುಗಳನ್ನೂ ಸಡಿಲವಾಗಿಟ್ಟು, ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಕಂಬ ತನ್ನ ಜಾಗವನ್ನು ತಾನೇ ಹುಡುಕಿಕೊಂಡ ಮೇಲೆ ಬಿಗಿಯಬೇಕು. ಆಗಲೂ ಬಿಗಿತ ಹೋಗದಿದ್ದರೆ ಸರಪಳಿಯನ್ನು ತುಂಡು ಮಾಡುತ್ತ ಹೋಗಬೇಕು. ಗಾಲಿ ನೆಲದಿಂದ ಎತ್ತಿ ನೋಡಿ, ಟೈರಾಡು ಕಳಚಿ ನೋಡಿ, ಕಂಬ ಕಳಚಿ ನೋಡಿ. ಯಾವ ತುಂಡು ಕಳಚಿದಾಗ ಹಗುರಾಯಿತೋ ತಪ್ಪು ಆ ತುಂಡಿನಲ್ಲಿದೆ.

ಅಂಬಾಸಿಡರಿನಲ್ಲಿ ಇನ್ನೊಂದು ತಾಪತ್ರಯ, ಕಂಬದ ಮೇಲಿನ ಗೇರು. ಕಂಬದ ಹೊದಿಕೆ ತುಸು ತಿರುಗಿ ಕೂತರೂ ಗೇರಿನ ಸರಳುಗಳ ಅಳತೆ ತಪ್ಪುತ್ತದೆ. ನಮ್ಮ ಅದೃಷ್ಟಕ್ಕೆ ಅದು ಸರಿಯಿತ್ತು.

ಸಂಜೆ ನಮ್ಮೂರಿನ ಒಬ್ಬ ಹಿರಿಯ ಮೆಕ್ಯಾನಿಕ್ ಬಂದು ಎಲ್ಲವನ್ನೂ ಮುಟ್ಟಿ ನೋಡಿದರು. ಇಷ್ಟು ಮಾತ್ರ ಪೋಷಕರು ಮರೆಯಬೇಡಿ. ರೇಡಿಯೋ ಬಿಚ್ಚಿ ತಪ್ಪಿ ಜೋಡಿಸಿದರೆ ಹಾಡು ಬರುವುದಿಲ್ಲ ಅಷ್ಟೆ, ಸ್ಟಿಯರಿಂಗು ಹಾಗಲ್ಲ. ರಸ್ತೆಗೆ ಬರುವ ಮೊದಲು ಬಲ್ಲವರ ಕೈ ಅದರ ಮೇಲೆ ಆಡಬೇಕು. ಅವರು ಹಳೆಯ ಸ್ಪ್ರಿಂಗ್ ವಾಷರುಗಳನ್ನು ಎಸೆದು ಹೊಸದು ಹಾಕಿಸಿದರು. ನಂತರ ಹತ್ತಿರದ ಖಾಲಿ ಮೈದಾನದಲ್ಲಿ ನಡಿಗೆಯ ವೇಗದಲ್ಲಿ ಎಂಟರ ಆಕಾರ ಸುತ್ತಿದೆವು. ಪ್ರತಿ ಕಾಲು ಸುತ್ತಿಗೂ ಹಾರ್ನ್ ಒತ್ತಿದೆವು. ಇಂಡಿಕೇಟರ್ ಎರಡೂ ಕಡೆ ತಟ್ಟನೆ ಆರಿತು. ಹುಡುಗ ತನ್ನ ಡಬ್ಬಿಯಲ್ಲಿ ಉಳಿದಿದ್ದ ಬಿಳಿ ಬಣ್ಣದಿಂದ ಕೆಳಗಿನ ಕೂಡುಗಂಟಿನ ಮೇಲೆ, ಕೊಳವೆಯಿಂದ ಪಿನಿಯನ್ ದಂಡದವರೆಗೆ ಹಾಯುವಂತೆ ಒಂದು ಗೆರೆ ಎಳೆದ. ಕೂದಲೆಳೆಯಷ್ಟು ಜಾರಿದರೂ ಗೆರೆ ಮುರಿದು ಕಾಣುತ್ತದೆ.

ಪ್ರವಾಸ ಒಂದು ವಾರ ತಡವಾಯಿತು. ಘಾಟಿ ಇಳಿಯುವ ಮೊದಲು ಆಗುಂಬೆಯಲ್ಲಿ ಕಾಫಿಗೆ ನಿಂತಾಗ, ಎಲ್ಲರೂ ಹೋಟೆಲಿನೊಳಗೆ ಹೋದ ಮೇಲೆ ವಕೀಲರು ಮಗನನ್ನು ಹೊರಗೆ ಕರೆದರಂತೆ. ಅಪ್ಪ ಬಾನೆಟ್ಟು ಎತ್ತಿ ಹಿಡಿದರು, ಮಗ ಟಾರ್ಚು ಬಿಟ್ಟು ಗೆರೆ ನೋಡಿದ. ಹಾಗೇ ಇತ್ತು.